ನಿನಗೇ ಯಾಕೆ ಬಂತು ಅಂತ ಕೇಳಿದೆಯಲ್ಲ

ಪುಟ್ಟಿ,

ಹಾಸ್ಟೆಲ್ ರೂಮಿನಲ್ಲಿ ಮಿಕ್ಕವರೆಲ್ಲ ಚೆನ್ನಾಗಿದ್ದಾರೆ, ನನಗೆ ಮಾತ್ರ ಎರಡನೇ ಸಲ ಮಿದುಳು ಜ್ವರ ಯಾಕೆ ಬಂತು ಅಂತ ಕೇಳಿದೆಯಲ್ಲ, ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅಜ್ಜಿ ಇನ್ನೂ ಹಾಸ್ಟೆಲ್ ನೀರನ್ನೇ ಬೈಯುತ್ತಿದ್ದಾರೆ. ನೀರೂ ಅಲ್ಲ, ನೀನು ಒದ್ದೆ ತಲೆಯಲ್ಲಿ ಮಲಗಿದ್ದೂ ಅಲ್ಲ ಕಣಮ್ಮ.

ನಿನಗೆ ಮಿದುಳು ಜ್ವರ ತಂದ ಮೆನಿಂಗೊಕಾಕಸ್ ಅನ್ನೋ ಈ ರೋಗಾಣು ಎಷ್ಟೋ ಜನರ ಮೂಗು-ಗಂಟಲಲ್ಲಿ ಸುಮ್ನೆ ಇರುತ್ತದೆ. ರಕ್ತಕ್ಕೆ ಇಳಿದರೆ ಮಾತ್ರ ಅಪಾಯ. ಅಲ್ಲಿ ರೋಗಾಣುಗಳ ವಿರುದ್ಧ ಹೋರಾಡುವ ಕಾಂಪ್ಲಿಮೆಂಟ್ ಅನ್ನೋ ಪ್ರೋಟೀನುಗಳು ಕಾದಿರುತ್ತವೆ. ಅವುಗಳಲ್ಲಿ ಸಿ5, ಸಿ6, ಸಿ7, ಸಿ8, ಸಿ9 ಅನ್ನೋವು ಒಂದರ ಹಿಂದೊಂದು ಬಂದು ರೋಗಾಣುವಿನ ಹೊರಪೊರೆಯಲ್ಲಿ ತೂತು ಕೊರೆಯುತ್ತವೆ. ಅದು ಒಡೆದು ಸಾಯುತ್ತದೆ. ನಿನ್ನ ರಕ್ತದಲ್ಲಿ ಸಿ6 ಇಲ್ಲ. ಹಾಗಾಗಿ ಕೆಲಸ ಸಿ5ಕ್ಕೇ ನಿಂತುಬಿಡುತ್ತದೆ. ಬೇರೆ ಹೆಚ್ಚಿನ ರೋಗಾಣುಗಳನ್ನು ಬಿಳಿರಕ್ತಕಣಗಳೇ ನೋಡಿಕೊಳ್ಳುತ್ತವೆ. ಅದಕ್ಕೇ ನೀನು ಚಿಕ್ಕಂದಿನಿಂದ ಗಟ್ಟಿಮುಟ್ಟಾಗಿ ಬೆಳೆದೆ, ಯಾರಿಗೂ ಅನುಮಾನ ಬರಲಿಲ್ಲ. ಆದರೆ ಈ ಒಂದು ರೋಗದ ಅಪಾಯ ನಿನ್ನಂಥವರಿಗೆ ಸಾವಿರ ಪಟ್ಟು, ಅದಕ್ಕೂ ಜಾಸ್ತಿ.

ಈ ಪ್ರೋಟೀನುಗಳೆಲ್ಲ ಸೇರಿ ಕೆಲಸ ಮಾಡುತ್ತವಾ ಅಂತ ನೋಡುವ ಸಿಎಚ್50 ಪರೀಕ್ಷೆಯ ದಿನ ಅಪ್ಪ ಐಸ್ ಡಬ್ಬಿ ಹಿಡಿದು ಲ್ಯಾಬಿಗೆ ಓಡಿದ್ದು ನೆನಪಿದೆಯಾ? ರಕ್ತವನ್ನು ಹಾಗೇ ಹೊರಗಿಟ್ಟರೆ ಈ ಪ್ರೋಟೀನುಗಳು ಕೆಡುತ್ತವೆ, ಚೆನ್ನಾಗಿರುವವರದ್ದೂ ಕಮ್ಮಿ ಬರುತ್ತದೆ. ಅಷ್ಟು ಜೋಪಾನ ಮಾಡಿದರೂ ನಿನ್ನದು ಸೊನ್ನೆ ಬಂತು.

ಸಿ6 ಜೀನಿನ ಒಂದು ಪ್ರತಿ ನನ್ನಿಂದ, ಒಂದು ಅಪ್ಪನಿಂದ. ಒಂದು ಸರಿಯಿದ್ದರೂ ಸಾಕು. ನಿನಗೆ ಬಂದ ಎರಡೂ ಕೆಟ್ಟಿವೆ. ನಾನು ಅಪ್ಪನಿಗೆ ಸೋದರಮಾವನ ಮಗಳಲ್ವಾ, ನಮ್ಮಿಬ್ಬರ ಅಜ್ಜ-ಅಜ್ಜಿ ಒಬ್ಬರೇ. ಅವರಲ್ಲಿದ್ದ ಒಂದು ಕೆಟ್ಟ ಪ್ರತಿಯೇ ಎರಡು ದಾರಿಯಲ್ಲಿ ಬಂದು ನಿನ್ನಲ್ಲಿ ಸೇರಿರಬಹುದು. ನಿನ್ನ ತಮ್ಮನಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ ಇದೆ. ಅವನ ರಕ್ತವನ್ನೂ ಕೊಡುತ್ತಿದ್ದೇವೆ.

ನಿನ್ನಷ್ಟು ಕೊರತೆ ಅಪರೂಪ. ಸಣ್ಣಪುಟ್ಟ ವ್ಯತ್ಯಾಸ ಎಲ್ಲರಲ್ಲೂ ಇರುತ್ತದೆ. 2010ರ ಒಂದು ದೊಡ್ಡ ಅಧ್ಯಯನದಲ್ಲಿ, ಫ್ಯಾಕ್ಟರ್ ಎಚ್ ಅನ್ನೋ ಪ್ರೋಟೀನಿನ ಜೀನಿನ ಆಸುಪಾಸು ಇರುವ ವ್ಯತ್ಯಾಸಗಳಿಗೂ ಈ ಕಾಯಿಲೆಗೂ ನಂಟು ಕಂಡಿತು. ಕಾಂಪ್ಲಿಮೆಂಟು ನಮ್ಮದೇ ಜೀವಕೋಶಗಳ ಮೇಲೆ ಬೀಳದಂತೆ ತಡೆಯುವುದು ಇದೇ ಫ್ಯಾಕ್ಟರ್ ಎಚ್. ರೋಗಾಣು ಅದನ್ನು ಹಿಡಿದು ಮೈಗೆ ಅಂಟಿಸಿಕೊಂಡು ಪಾರಾಗುತ್ತದೆ. ಹಾಗೆ ಹಿಡಿಯಲು ಬಳಸುವ ಅದರ ಪ್ರೋಟೀನನ್ನೇ, ಈ ರೋಗಾಣುವಿನ ಹಲವು ಗುಂಪುಗಳಲ್ಲಿ ಒಂದಾದ ಬಿ ಗುಂಪಿನ ವಿರುದ್ಧದ ಲಸಿಕೆಗೆ ಹಾಕಿದ್ದಾರೆ. ಓದಿ ಎಷ್ಟು ಖುಷಿಯಾಯಿತು ಗೊತ್ತಾ!

ನೀನು ಹೋಗಲಿರುವ ಬ್ರಿಟನ್ನಿನಲ್ಲಿ 2015ರಿಂದ ಹಸುಗೂಸುಗಳಿಗೇ ಆ ಲಸಿಕೆ ಕೊಡುತ್ತಾರೆ. ಹೋದ ಕೂಡಲೇ ಡಾಕ್ಟರಿಗೆ ರಿಪೋರ್ಟ್ ತೋರಿಸಿ ಕೇಳು. ಎ, ಸಿ, ಡಬ್ಲ್ಯು, ವೈ ಗುಂಪುಗಳ ಲಸಿಕೆ ಇಲ್ಲೇ ಆಗಿದೆ, 5 ವರ್ಷಕ್ಕೊಮ್ಮೆ ಮತ್ತೆ ಬೇಕು. ತೂತು ಕೊರೆಯಲು ಆಗದಿದ್ದರೂ, ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು ಅಂಟಿಕೊಂಡರೆ ಬಿಳಿರಕ್ತಕಣ ರೋಗಾಣುವನ್ನು ನುಂಗುತ್ತದೆ.

ಲಸಿಕೆ ಆಗಿದೆ ಅಂತ ಜ್ವರಕ್ಕೆ ಡೋಲೋ ನುಂಗಿ ಮಲಗಬೇಡ. ತಲೆನೋವು, ಕತ್ತು ಬಿಗಿತ, ವಾಂತಿ ಇದ್ದರೆ ಆಗಲೇ ಆಸ್ಪತ್ರೆಗೆ ಹೋಗು. ಕೆಂಪು ಚುಕ್ಕೆ ಎದ್ದರೆ ಗಾಜಿನ ಲೋಟ ಒತ್ತಿ ನೋಡು. ಒತ್ತಿದರೂ ಮಾಯವಾಗದಿದ್ದರೆ 999ಕ್ಕೆ ಫೋನ್ ಮಾಡು. ಆದರೆ ಚುಕ್ಕೆ ಏಳಲಿ ಅಂತ ಕಾಯುತ್ತಾ ಕೂರಬೇಡ. ಯಾರೇ ನೋಡಲಿ, ಸಿ6 ಇಲ್ಲ ಅನ್ನೋದನ್ನು ಮೊದಲು ಹೇಳು.

ನಿನ್ನ
ಅಮ್ಮ