ನೀರಿನ ಟೆಂಡರಿನಲ್ಲೇ ಕೆಸರಿನ ಬಾಬತ್ತೂ ಸೇರಲಿ

ಮಾನ್ಯ ಸಂಪಾದಕರೇ,

ಕುಡಿಯುವ ನೀರಿನ ಘಟಕವನ್ನು ಮೇಲ್ದರ್ಜೆಗೇರಿಸುವ ಮಾತು ಬಂದಾಗ ಪಂಪು, ಟ್ಯಾಂಕಿ, ಪೈಪುಗಳದ್ದೇ ಚರ್ಚೆ. ನೀರಿನಿಂದ ತೆಗೆದ ಕೆಸರು ಎಲ್ಲಿಗೆ ಹೋಗಬೇಕೆಂದು ಕೇಳುವವರಿಲ್ಲ.

ಮಳೆಗಾಲದಲ್ಲಿ ಪಯಸ್ವಿನಿ ಹೊಳೆ ಕೆಂಪಾಗಿ ಹರಿಯುವಾಗ ಲೀಟರಿಗೆ 100 ಮಿಲಿಗ್ರಾಂ ಮಣ್ಣಿದೆ, ಅದನ್ನು ಗಡ್ಡೆ ಕಟ್ಟಿಸಿ ತಳಕ್ಕಿಳಿಸಲು 40 ಮಿಲಿಗ್ರಾಂ ಆಲಂ (ಪಟಿಕ) ಹಾಕುತ್ತಾರೆ ಎಂದಿಟ್ಟುಕೊಳ್ಳಿ. 10 ಲಕ್ಷ ಲೀಟರ್ ನೀರಿಗೆ 100 ಕಿಲೋ ಮಣ್ಣು, ಆಲಂನಿಂದಾದ ಹೈಡ್ರಾಕ್ಸೈಡ್ 10ರಿಂದ 18 ಕಿಲೋ. ಇದು ಒಣತೂಕ. ತೊಟ್ಟಿಯ ತಳದಿಂದ ಬಿಡುವ ಕೆಸರಿನಲ್ಲಿ ಘನಾಂಶ ಶೇ. 1ರಷ್ಟೇ ಇದ್ದರೆ ಅದು 11 ಸಾವಿರ ಲೀಟರಿಗೂ ಹೆಚ್ಚು ರಾಡಿ! ಅದನ್ನೇ ಗಟ್ಟಿಗೊಳಿಸಿ ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿ ಶೇ. 20ಕ್ಕೆ ತಂದರೆ ಉಳಿಯುವುದು ಅರ್ಧ ಟನ್ನಿಗಿಂತ ತುಸು ಹೆಚ್ಚು.

ಮರಳಹಾಸಿನ ಮೇಲೆ ಒಣಗಿಸುವುದು ಬಯಲುಸೀಮೆಗೆ ಸರಿ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಕೆಸರು ಹೆಚ್ಚು ಬರುವ ಜೂನ್-ಜುಲೈಯಲ್ಲೇ ಅದು ಒಣಗದು. ಹಾಸು ತುಂಬಿದ ಮೇಲೆ ಕೆಸರು ಸೇರುವುದು ತೋಡಿಗೇ.

ಕೆಸರು ತಗ್ಗಿಸುವ ಕೆಲಸ ಆಲಂನಿಂದಲೇ ಶುರುವಾಗಬೇಕು. ನೀರಿನ ಬಣ್ಣ ನೋಡಿ ಅಂದಾಜಿಗೆ ಸುರಿಯದೆ, ಜೋರು ಮಳೆ ಬಂದಾಗಲೆಲ್ಲ ಜಾರ್ ಟೆಸ್ಟ್ (ಹಲವು ಜಾಡಿ ನೀರಿಗೆ ಬೇರೆಬೇರೆ ಪ್ರಮಾಣದ ಆಲಂ ಹಾಕಿ ಎಷ್ಟು ಸಾಕೆಂದು ನೋಡುವ ಪರೀಕ್ಷೆ) ಮಾಡಬೇಕು. ಮಳೆಗಾಲದ ಹೊಳೆನೀರಿನಲ್ಲಿ ಕ್ಷಾರಾಂಶ ಕಡಿಮೆ. 1 ಮಿಲಿಗ್ರಾಂ ಆಲಂ ಸುಮಾರು ಅರ್ಧ ಮಿಲಿಗ್ರಾಂ ಕ್ಷಾರ ತಿನ್ನುತ್ತದೆ. ಸುಣ್ಣ ಕೊಡದೆ ಆಲಂ ಏರಿಸುತ್ತ ಹೋದರೆ ನೀರು ಹುಳಿಯಾಗಿ, ಗಡ್ಡೆ ಕಟ್ಟದೆ, ಆಲಂನಲ್ಲಿನ ಅಲ್ಯುಮಿನಿಯಂ ಕರಗಿ ಫಿಲ್ಟರ್ ದಾಟಿ ನಲ್ಲಿಗೇ ಬರುತ್ತದೆ. ಭಾರತೀಯ ಮಾನಕದಲ್ಲಿ ಇದರ ಮಿತಿ ಲೀಟರಿಗೆ 0.03 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 0.2.

ಫಿಲ್ಟರ್ ತೊಳೆದ ನೀರನ್ನು ಪುನಃ ಬಳಸುವುದು ಒಳ್ಳೆಯದೇ. ಆದರೆ ಅದರಲ್ಲಿ ರೋಗಾಣುಗಳು ಒತ್ತಾಗಿರುತ್ತವೆ. ತಿಳಿಗೊಳಿಸಿ, ಒಳಬರುವ ನೀರಿನ ಶೇ. 10 ಮೀರದಂತೆ ಸ್ವಲ್ಪಸ್ವಲ್ಪವೇ ಬೆರೆಸಬೇಕು.

ಹಿಂಡಿದ ಕೆಸರು ಗೊಬ್ಬರವೆಂದು ಅಡಿಕೆ ತೋಟಕ್ಕೆ ಹಾಕುವವರಿಗೆ ಒಂದು ಮಾತು: ಅದರಲ್ಲಿನ ಅಲ್ಯುಮಿನಿಯಂ ಗಿಡಕ್ಕೆ ಬೇಕಾದ ರಂಜಕವನ್ನು ಕಟ್ಟಿಹಾಕುತ್ತದೆ. ನಮ್ಮ ಮುರಕಲ್ಲಿನ ಮಣ್ಣು ಮೊದಲೇ ಹುಳಿ, ದಯವಿಟ್ಟು ಬೇಡ. ಪರೀಕ್ಷಿಸಿ ಇಟ್ಟಿಗೆಗೆ ಬೆರೆಸಬಹುದು, ತಗ್ಗು ತುಂಬಿಸಬಹುದು.

ಆದ್ದರಿಂದ ಗಟ್ಟಿಗೊಳಿಸುವ ತೊಟ್ಟಿ, ಪ್ರೆಸ್, ಮಾಡಿನಡಿಯ ಸಂಗ್ರಹ ಕೊಠಡಿ ಇವೆಲ್ಲ ಅದೇ ಟೆಂಡರಿನಲ್ಲಿರಲಿ. ಗುತ್ತಿಗೆದಾರರ ಕೊನೆಯ ಬಿಲ್ಲು ಪಾಸು ಮಾಡುವ ಮೊದಲು ಒಂದು ಮಳೆಗಾಲ ಪೂರ್ತಿ ಪ್ರೆಸ್ ಓಡಿಸಿ ನೋಡಲಿ. ಫೆಬ್ರವರಿಯ ತಿಳಿನೀರಿನಲ್ಲಿ ನಡೆಸುವ ಪರೀಕ್ಷೆ ಸಾಲದು.

– ನಿವೃತ್ತ ನೀರು ಸರಬರಾಜು ಎಂಜಿನಿಯರುಗಳು, ಕಾಸರಗೋಡು