ಚೀಟಿಯಲ್ಲಿ ತಾರೀಖು ಬರೆಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರೇ,

ಮೂರು ವರ್ಷ ತುಂಬಿದರೂ ಮಗು ಅನ್ನ ಅಗಿಯುವುದಿಲ್ಲ, ತಲೆಗೆ ನೀರು ಬಿದ್ದರೆ ಚೀರುತ್ತದೆ, ಚಡ್ಡಿ ಏರಿಸಿಕೊಳ್ಳಲು ಬರುವುದಿಲ್ಲ ಎಂದರೆ ಉಣ್ಣುವುದು, ಉಡುವುದು, ಬರೆಯುವುದು ಮುಂತಾದ ದಿನನಿತ್ಯದ ಕೆಲಸಗಳನ್ನು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ (ಒಟಿ) ಒಮ್ಮೆ ನೋಡಲೇಬೇಕು. ಇಂಥ ಮಕ್ಕಳನ್ನು ಗುರುತಿಸುವ ವ್ಯವಸ್ಥೆ ನಮ್ಮಲ್ಲಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಹೋಗಬೇಕು. ದಾರಿ ತಪ್ಪುವುದು ಅದರ ಮುಂದೆ.

ತಂಡ ಕೊಡುವ ಚೀಟಿಯಲ್ಲಿ ‘ಡಿಇಐಸಿಗೆ ಹೋಗಿ’ (ಬೆಳವಣಿಗೆ ತಡವಾದ ಮಕ್ಕಳನ್ನು ಬೇಗ ಪರೀಕ್ಷಿಸಿ ಚಿಕಿತ್ಸೆ ಕೊಡುವ ಜಿಲ್ಲಾ ಕೇಂದ್ರ) ಎಂದಷ್ಟೇ ಇದ್ದರೆ ತಾಯಿ ಕೂಲಿ ಬಿಟ್ಟು ಬಸ್ ಹತ್ತಿ ಜಿಲ್ಲಾಸ್ಪತ್ರೆಗೆ ಬರುತ್ತಾಳೆ. ಥೆರಪಿಸ್ಟ್ ಅಂದು ಕ್ಯಾಂಪಿನಲ್ಲಿರುತ್ತಾರೆ. ಎರಡನೇ ಸಲ ಬರುವವರು ಕಡಿಮೆ. ಚೀಟಿಯಲ್ಲಿ ತಾರೀಖು, ಸಮಯ, ಯಾರನ್ನು ಕಾಣಬೇಕು, ಫೋನ್ ನಂಬರ್ ಇರಬೇಕು. ‘ಬೆಳವಣಿಗೆ ಕುಂಠಿತ’ ಎಂಬುದರ ಜೊತೆಗೆ ‘ಗುಂಡಿ ಹಾಕಲು ಬಾರದು, ಮೆತ್ತಗಿನ ಊಟ ಮಾತ್ರ’ ಎಂದೂ ಬರೆಯಬೇಕು. ಒಂದು ಪ್ರತಿ ಆಶಾ ಕಾರ್ಯಕರ್ತೆಯ ಕೈಯಲ್ಲಿರಲಿ. ಮಗು ಬರದಿದ್ದರೆ ವಿಚಾರಿಸುವವರು ಅವರೇ.

ಇನ್ನೊಂದು ತಡೆ, ‘ಕಾಯಿಲೆ ಏನೆಂದು ಖಚಿತವಾಗಲಿ’ ಎಂಬ ಮಾತು. ಒಟಿ ತಪಾಸಣೆಗೆ ಆಟಿಸಂ ಎಂಬ ಹಣೆಪಟ್ಟಿಯೂ ಬೇಡ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡೂ ಬೇಡ. ಕಿವಿ, ಕಣ್ಣಿನ ಪರೀಕ್ಷೆ ಜೊತೆಜೊತೆಗೇ ನಡೆಯಲಿ. ಮಾತು ತಡವಾದ ಮಗುವನ್ನು ಸ್ಪೀಚ್ ಥೆರಪಿಯ ಸರದಿಯಲ್ಲಿ ಮಾತ್ರ ನಿಲ್ಲಿಸಿ ತಿಂಗಳುಗಟ್ಟಲೆ ಕಾಯಿಸಬಾರದು. ಫಿಸಿಯೋಥೆರಪಿಸ್ಟ್ ಇದ್ದಾರಲ್ಲ ಎಂದು ಒಟಿ ಹುದ್ದೆಯನ್ನು ಖಾಲಿ ಬಿಡುವುದೂ ಸರಿಯಲ್ಲ. ಅವರು ಮಗುವನ್ನು ನಿಲ್ಲಿಸಿ ನಡೆಸಬಲ್ಲರು. ಉಣ್ಣುವುದು, ಉಡುವುದು, ಬರೆಯುವುದು ಬೇರೆಯೇ ತರಬೇತಿ.

ಮೊದಲ ಭೇಟಿಗೆ ಕನಿಷ್ಠ ಒಂದು ಗಂಟೆ ಬೇಕು. ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಹಳೆಯ ವರದಿಗಳು, ಜೊತೆಗೆ ಮನೆಯಲ್ಲಿ ಊಟ, ಸ್ನಾನ, ಆಟದ ಒಂದೆರಡು ನಿಮಿಷದ ವಿಡಿಯೊ ತರಲು ಮೊದಲೇ ಹೇಳಬೇಕು. ಹೊಸ ಕೋಣೆಯಲ್ಲಿ ಮುದುಡಿ ಕೂರುವ ಮಗುವಿನ ನಿಜಸ್ಥಿತಿ ವಿಡಿಯೊದಲ್ಲೇ ಸಿಗುವುದು. ಫೋರ್ಕ್ ಹಿಡಿಯುತ್ತದೆಯೇ, ಜಿಪ್ ಎಳೆಯುತ್ತದೆಯೇ ಎಂಬ ಇಂಗ್ಲಿಷ್ ಪ್ರಶ್ನಾವಳಿಯಿಂದ ಮುದ್ದೆ ಉಣ್ಣುವ ಮಗುವನ್ನು ಅಳೆಯಲಾಗದು. (ಮುದ್ದೆ ನುಂಗುವ ಊಟ, ‘ಮನೆಯಲ್ಲಿ ಚೆನ್ನಾಗಿ ತಿನ್ನುತ್ತೆ’ ಎಂದ ಮಾತ್ರಕ್ಕೆ ಅಗಿಯಲು ಬರುತ್ತದೆ ಎಂದಲ್ಲ.) ಆ ದಿನವೇ ಎರಡು ಮೂರು ಗುರಿ ಕನ್ನಡದಲ್ಲಿ ಬರೆದು ಕೊಡಬೇಕು: ‘ಮೂರು ತಿಂಗಳಲ್ಲಿ ಸಾರನ್ನ ತಾನೇ ಕಲಸಿ ಐದು ತುತ್ತು ಉಣ್ಣಬೇಕು’ ಎನ್ನುವಷ್ಟು ಸ್ಪಷ್ಟವಾಗಿ. ‘ಸೂಕ್ಷ್ಮ ಚಲನೆ ಸುಧಾರಣೆ’ ಎಂದು ಬರೆದರೆ ಸುಧಾರಿಸಿತೋ ಇಲ್ಲವೋ ಯಾರಿಗೂ ಗೊತ್ತಾಗದು.

ಥೆರಪಿಸ್ಟ್ ಕೈಗೆ ಮಗು ಸಿಗುವುದು ವಾರಕ್ಕೆ 45 ನಿಮಿಷ, ಹೆಚ್ಚೆಂದರೆ ಅದರ ಎರಡು ಪಟ್ಟು. ಆ ಹೊತ್ತಿನಲ್ಲೂ ಪೋಷಕರನ್ನು ಬಾಗಿಲ ಹೊರಗೆ ಕೂರಿಸಿದರೆ ಮನೆಯಲ್ಲಿ ಅಭ್ಯಾಸ ನಡೆಯುವುದೇ ಇಲ್ಲ. ಅವರನ್ನು ಒಳಗೆ ಕೂರಿಸಿ, ಅವರ ಕೈಯಿಂದಲೇ ಮಾಡಿಸಬೇಕು. ಮಗು ಕುರ್ಚಿಯಲ್ಲಿ ಕೂತಾಗ ಪಾದ ನೇತಾಡದಂತೆ ಕೆಳಗೆ ಮಣೆ, ಮೊಣಕೈ ಮಟ್ಟಕ್ಕೆ ಮೇಜು: ಇಷ್ಟು ಸರಿಪಡಿಸಿದರೂ ಎಷ್ಟೋ ಮಕ್ಕಳ ಪೆನ್ಸಿಲ್ ಹಿಡಿತ ಬದಲಾಗುತ್ತದೆ. ಇದಕ್ಕೆ ಬಜೆಟ್ ಬೇಡ.

ಡಿಇಐಸಿಯಲ್ಲಿ ಸಿಗದವರು ಖಾಸಗಿಗೆ ಹೋಗುತ್ತಾರೆ. ಅಲ್ಲಿ ಕೆಲವು ವಾರದ ಕೋರ್ಸ್ ಮುಗಿಸಿದವರ ಬೋರ್ಡೂ ಇದೆ, ನಾಲ್ಕೂವರೆ ವರ್ಷದ ಬಿ.ಒ.ಟಿ. (ಆಕ್ಯುಪೇಷನಲ್ ಥೆರಪಿ ಪದವಿ) ಓದಿದವರದ್ದೂ ಇದೆ. ಪೋಷಕರು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನಂಬರ್ ಕೇಳುತ್ತಾರೆ. ಆದರೆ ಈ ವೃತ್ತಿ ಆರ್‌ಸಿಐ ಪಟ್ಟಿಯಲ್ಲೇ ಇಲ್ಲ, ಇದು 2021ರ ಅಲೈಡ್ ಹೆಲ್ತ್ (ವೈದ್ಯಕೀಯಕ್ಕೆ ಪೂರಕ ವೃತ್ತಿಗಳ) ಕಾಯ್ದೆಯ ಕೆಳಗೆ ಬರುತ್ತದೆ. ಆ ಕಾಯ್ದೆಯಡಿಯ ರಾಜ್ಯ ಪರಿಷತ್ತಿನ ನೋಂದಣಿಯನ್ನು ಹೆಸರು, ಜಿಲ್ಲೆ ಹಾಕಿ ಯಾರು ಬೇಕಾದರೂ ಹುಡುಕುವಂತಿರಲಿ.

ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆಯಲ್ಲಿ ಒಂದು ಲಕ್ಷದವರೆಗೆ ರಕ್ಷಣೆಯಿದೆ, ಥೆರಪಿಯೂ ಸೇರಿದೆ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯಕ್ಕಷ್ಟೇ. ಬರೀ ‘ಬೆಳವಣಿಗೆ ತಡ’ ಎಂದಿರುವ ಮಗುವಿಗೆ ಅದು ಸಿಗದು. ಥೆರಪಿ ಬೇಗ ಶುರುವಾದಷ್ಟೂ ಅನುಕೂಲವಿರುವುದು ಇದೇ ವಯಸ್ಸಿನಲ್ಲಿ. ಈ ಖರ್ಚನ್ನು ರಾಜ್ಯವೇ ಭರಿಸಬೇಕು.

ಪ್ರತಿ ಜಿಲ್ಲೆಯಲ್ಲಿ ಒಟಿ ಹುದ್ದೆ ಮಂಜೂರಾಗಿದೆಯೇ, ಭರ್ತಿಯಾಗಿದೆಯೇ, ಥೆರಪಿಸ್ಟ್ ವಾರದ ಯಾವ ದಿನ ಲಭ್ಯ, ಹೊಸ ಮಗುವಿಗೆ ಮುಂದಿನ ಖಾಲಿ ತಾರೀಖು ಯಾವುದು ಎಂಬುದನ್ನು ತಿಂಗಳಿಗೊಮ್ಮೆ ಇಲಾಖೆಯ ಜಾಲತಾಣದಲ್ಲೂ ಜಿಲ್ಲಾಸ್ಪತ್ರೆಯ ಫಲಕದಲ್ಲೂ ಪ್ರಕಟಿಸಲು ಆದೇಶ ಹೊರಡಿಸಬೇಕೆಂದು ಕೋರುತ್ತೇವೆ.

ಇತಿ,
ಮಕ್ಕಳ ಪುನರ್ವಸತಿ ಕ್ಷೇತ್ರದಲ್ಲಿ ದುಡಿಯುವವರು