ಕಂಪನಿ ಮಂಡಳಿ ಸೇರುವ ಮುನ್ನ

ಮಾನ್ಯರೆ,

ವಿಶ್ವವಿದ್ಯಾಲಯದ ಮುಖ್ಯಸ್ಥರು ಕಂಪನಿಗಳ ನಿರ್ದೇಶಕ ಮಂಡಳಿ ಸೇರುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಯಾವ ಕಂಪನಿ ಎಂಬುದು ಮುಖ್ಯ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಅಂದಿನ ಚಾನ್ಸಲರ್ (ಕ್ಯಾಂಪಸ್ ಮುಖ್ಯಸ್ಥೆ) ಲಿಂಡಾ ಕಟೇಹಿ 2016ರಲ್ಲಿ, ಲಾಭಕ್ಕಾಗಿ ಶಿಕ್ಷಣ ನೀಡುವ ಡಿವ್ರೈ ಸಮೂಹದ ಮಂಡಳಿ ಸೇರಿ, ಟೀಕೆ ಬಂದ ಮೇಲೆ ಬಿಟ್ಟರು. ಅದಕ್ಕೂ ಮೊದಲು ಪಠ್ಯಪುಸ್ತಕ ಪ್ರಕಟಿಸುವ ವೈಲಿ ಕಂಪನಿಯ ಮಂಡಳಿಯಲ್ಲಿದ್ದರು. ಪುಸ್ತಕ ಕೊಳ್ಳುವವರು ವಿದ್ಯಾರ್ಥಿಗಳೇ ಅಲ್ಲವೇ?

ವಿಶ್ವವಿದ್ಯಾಲಯಕ್ಕೆ ಸರಕು ಮಾರುವ, ಸಂಶೋಧನೆಗೆ ಹಣ ಕೊಡುವ ಕಂಪನಿಯಾದರೆ ಬೇಡವೇ ಬೇಡ. ಆ ಕಂಪನಿಯ ಕಡತ ಬಂದಾಗ ದೂರ ಉಳಿಯುತ್ತೇನೆ ಎಂಬ ಭರವಸೆ ಸಾಲದು. ಕಡತ ಸಿದ್ಧಪಡಿಸುವವರು ಅವರ ಕೈಕೆಳಗಿನವರೇ. ಕೆಲವು ಕಂಪನಿಗಳಲ್ಲಿ ಸಂಭಾವನೆಯ ಒಂದು ಭಾಗ ಷೇರುಗಳಲ್ಲೂ ಬರುತ್ತದೆ. ನಗದನ್ನಷ್ಟೇ ಘೋಷಿಸಿದರೆ ಲೆಕ್ಕ ಅಪೂರ್ಣ.

ವರ್ಷಕ್ಕೆ ನಾಲ್ಕೈದು ಸಭೆ ಮಾತ್ರ ಎನ್ನುತ್ತಾರೆ. ಲೆಕ್ಕಪರಿಶೋಧನಾ ಸಮಿತಿಗೆ ಹಾಕಿದರೆ ಸಭೆಗಳು ಹೆಚ್ಚುತ್ತವೆ. ಕಂಪನಿ ಬಿಕ್ಕಟ್ಟಿಗೆ ಸಿಕ್ಕರೆ ತುರ್ತು ಸಭೆಗಳಿಗೆ ಲೆಕ್ಕವಿರದು, ಆಗಲೇ ಕ್ಯಾಂಪಸ್‌ನಲ್ಲಿ ಪರೀಕ್ಷೆಯೋ ಬಜೆಟ್ಟೋ ಇದ್ದೀತು. ಹಾಗಾಗಿ ಒಂದೇ ಮಂಡಳಿ ಸಾಕು, ಅಧಿಕಾರದ ಮೊದಲ ವರ್ಷ ಅದೂ ಬೇಡ. ಒಪ್ಪಿಗೆಯನ್ನು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯೇ ಲಿಖಿತವಾಗಿ ಕೊಡಲಿ, ಪ್ರತಿ ವರ್ಷ ಮರುಪರಿಶೀಲಿಸಲಿ, ಸಂಭಾವನೆಯ ವಿವರವನ್ನು ಜಾಲತಾಣದಲ್ಲಿ ಹಾಕಲಿ.